ಅತ್ತಿಗೆಯ ಮೇದೋಜೀರಕ ಗ್ರಂಥಿ ಮತ್ತು ಹೆಸರು ಹೇಳಬಾರದ ಮರ

ಅತ್ತಿಗೆಯ ಕಣ್ಣು ಹಳದಿಯಾಗಿದೆ ಎಂದು ನನಗೆ ಗೊತ್ತಾಗಿದ್ದು ಅವರು ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಗೆ ಬಾಯಿಬಟ್ಟೆ ಕಟ್ಟುತ್ತಿದ್ದಾಗ. ಒಗೆದು ಒಣಗಿಸಿದ ಬಿಳಿ ಬಟ್ಟೆ ಮುಖದ ಪಕ್ಕಕ್ಕೇ ಬಂತು. ಕಣ್ಣಿನ ಬಿಳಿ ಅದರಷ್ಟು ಬಿಳಿ ಇರಲಿಲ್ಲ. ಬಟ್ಟೆ ಇಲ್ಲದಿದ್ದರೆ ಹೊಸನಗರದ ಆ ಅಡುಗೆಮನೆಯ ಬೆಳಕಿನಲ್ಲಿ ಇನ್ನೂ ಎಷ್ಟು ದಿನ ಕಾಣದೆ ಹೋಗುತ್ತಿತ್ತೋ.

ಅತ್ತಿಗೆ ಎಂದರೆ ನನ್ನ ಯಜಮಾನರ ಅಕ್ಕ. ಪ್ರತಿ ವರ್ಷ ಮಿಡಿಯ ಕಾಲದಲ್ಲಿ ಅಕ್ಕಪಕ್ಕದ ಹೆಂಗಸರನ್ನು ಕೂಡಿಸಿಕೊಂಡು ಉಪ್ಪಿನಕಾಯಿ ಹಾಕಿ, ಸಾಗರ, ತೀರ್ಥಹಳ್ಳಿಯ ಅಂಗಡಿಗಳಿಗೆ ಕೊಡುತ್ತಾರೆ. ನಾನು ಸಾಗರದಿಂದ ನಾಲ್ಕು ದಿನ ಹೋಗಿ ಕೈಜೋಡಿಸಿ ಬರುವುದು ರೂಢಿ. ಕೈಜೋಡಿಸುವುದು ಎಂದರೆ ಭರಣಿ ಒರೆಸುವುದು, ಬಟ್ಟೆ ಕಟ್ಟುವುದು ಅಷ್ಟೇ. ಉಪ್ಪು ಹಾಕುವ ಕೆಲಸ ಅವರು ಯಾರಿಗೂ ಬಿಡುವುದಿಲ್ಲ.

ನಮ್ಮ ಮನೆತನದಲ್ಲಿ ನನ್ನ ಪಾಲಿಗೆ ಬಂದಿರುವ ಕೆಲಸ ಬೇರೆ, ಅದು ಆಸ್ಪತ್ರೆಯದು. ತೀರ್ಥಹಳ್ಳಿಯಲ್ಲಿ ಸಿಸ್ಟರ್‌ಗಳ ಕಾನ್ವೆಂಟಿನಲ್ಲಿ ಓದಿದವಳು, ಇಂಗ್ಲಿಷ್ ರಿಪೋರ್ಟು ಓದುತ್ತಾಳೆ ಎನ್ನುವುದೇ ಅರ್ಹತೆ. ಯಾರಿಗೆ ಹೊಟ್ಟೆನೋವು ಬಂದರೂ, ಯಾರಿಗೆ ಹೆರಿಗೆಯಾದರೂ, ಫ್ಲಾಸ್ಕು ಹಿಡಿದು ಜೊತೆಗೆ ಹೋಗುವುದು, ಚೀಟಿ ಮಾಡಿಸುವುದು, ಡಾಕ್ಟರು ಹೇಳಿದ್ದನ್ನು ಹೊರಗೆ ಬಂದು ಮನೆಮಾತಿನಲ್ಲಿ ತಿರುಗಿ ಹೇಳುವುದು ನಾನೇ. ಅತ್ತಿಗೆ ನನ್ನನ್ನು ಕಾನ್ವೆಂಟಮ್ಮ ಎಂದು ಕರೆಯುತ್ತಾರೆ. ಕುಶಾಲಿಗೆ ಶುರುವಾದದ್ದು, ಈಗ ಅದೇ ಹೆಸರಾಗಿದೆ.

ಕಣ್ಣಿನ ವಿಷಯ ಹೇಳಿದಾಗ ಅವರು ಆಸ್ಪತ್ರೆಗೆ ಹೊರಡಲಿಲ್ಲ. ಕಾಮಾಲೆಗೆ ನಮ್ಮ ಕಡೆ ಸೊಪ್ಪಿನ ಔಷಧ ಕೊಡುವವರಿದ್ದಾರೆ, ಪಥ್ಯ ಬಹಳ ಬಿಗಿ. ಉಪ್ಪಿಲ್ಲ, ಎಣ್ಣೆಯಿಲ್ಲ, ಖಾರವಿಲ್ಲ. ಗಂಜಿ, ಮಜ್ಜಿಗೆ ಅಷ್ಟೇ. ಊರಿಗೆಲ್ಲ ಉಪ್ಪಿನಕಾಯಿ ಹಾಕುವ ಹೆಂಗಸು ಉಪ್ಪಿಲ್ಲದ ಗಂಜಿ ಕುಡಿಯುತ್ತಾ ಕುಳಿತರು. ಕಣ್ಣಿನ ಹಳದಿ ಇಳಿಯಲಿಲ್ಲ, ಮೈಯೆಲ್ಲ ತುರಿಕೆ ಶುರುವಾಯಿತು, ರವಿಕೆ ಸಡಿಲವಾಯಿತು. ನೋವು ಮಾತ್ರ ಅಷ್ಟಾಗಿ ಇರಲಿಲ್ಲ. ನೋವಿಲ್ಲವಲ್ಲ ಎಂದು ಎಲ್ಲರೂ ಸಮಾಧಾನ ಮಾಡಿಕೊಂಡೆವು. ನೋವಿಲ್ಲದ ಕಾಮಾಲೆಯನ್ನೇ ವೈದ್ಯರು ಹೆಚ್ಚು ಅನುಮಾನದಿಂದ ನೋಡುತ್ತಾರೆ ಎಂದು ನನಗೆ ತಿಳಿದದ್ದು ಆಮೇಲೆ.

ಕೊನೆಗೆ ಸಾಗರಕ್ಕೆ ಕರೆದುಕೊಂಡು ಬಂದು ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿದೆ. ಪಿತ್ತದ ನಾಳ ಹಿಗ್ಗಿದೆ, ಮೇದೋಜೀರಕ ಗ್ರಂಥಿಯ ತಲೆಭಾಗ ದಪ್ಪವಾಗಿದೆ ಎಂದರು. ಈ ಗ್ರಂಥಿ ಹೊಟ್ಟೆಯ ಹಿಂದೆ ಅಡ್ಡ ಮಲಗಿರುತ್ತದೆ. ಯಕೃತ್ತಿನಿಂದ ಇಳಿಯುವ ಪಿತ್ತದ ನಾಳ ಅದರ ತಲೆಯೊಳಗೆ ಹಾದು ಕರುಳಿಗೆ ಸೇರುತ್ತದೆ. ತಲೆ ಊದಿಕೊಂಡರೆ ನಾಳ ಅದುಮಿಕೊಳ್ಳುತ್ತದೆ, ಕೆಳಗಿಳಿಯಬೇಕಾದ ಪಿತ್ತ ರಕ್ತಕ್ಕೆ ಸೇರುತ್ತದೆ. ಕಾಮಾಲೆಯ ಕಾರಣ ಅಷ್ಟು ತಿಳಿಯಿತು. ಊದಿದ್ದೇಕೆ ಎಂಬುದು ಉಳಿಯಿತು. ಸಿ.ಟಿ. ಸ್ಕ್ಯಾನ್ ಆಗಲಿ ಎಂದು ಬರೆದುಕೊಟ್ಟರು.

ಆ ಸ್ಕ್ಯಾನಿಗೆ ನಾನು ಹೋಗಲಾಗಲಿಲ್ಲ, ಮಗಳ ಪರೀಕ್ಷೆ ನಡೆಯುತ್ತಿತ್ತು. ಅತ್ತಿಗೆಯ ಯಜಮಾನರು, ನಾನು ಅಣ್ಣಯ್ಯ ಎಂದು ಕರೆಯುವವರು, ಅವರೇ ಕರೆದುಕೊಂಡು ಹೋಗಿ ಮಾಡಿಸಿದರು. ಸಂಜೆ ರಿಪೋರ್ಟಿನ ಕೊನೆಯ ಸಾಲುಗಳ ಫೋಟೋ ಕಳಿಸಿದರು. ತಲೆಭಾಗದಲ್ಲಿ ಗಡ್ಡೆಯಂಥ ಊತವಿದೆ; ಕ್ಯಾನ್ಸರ್ ಇರಬಹುದು, ಉರಿಯೂತವೂ ಇರಬಹುದು ಎಂದು ಅದರಲ್ಲಿತ್ತು. ಗ್ಯಾಸಿನ ಮೇಲೆ ಹಾಲಿಟ್ಟಿದ್ದೆ. ಉಕ್ಕಿ ಒಲೆ ಆರಿದ ಮೇಲೆ ನೋಡಿದೆ.

ಅಣ್ಣಯ್ಯ ಅತ್ತಿಗೆಗೆ ಬರೀ ಊತ ಎಂದಷ್ಟೇ ಹೇಳಿದ್ದರು. ನಾನೂ ಹಾಗೇ ಹೇಳಬೇಕೆಂದು ತಾಕೀತು ಮಾಡಿದರು.

ಹುಲಿಕಲ್ ಘಾಟಿ ಇಳಿದು ಕರಾವಳಿಯ ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿನ ಶಸ್ತ್ರವೈದ್ಯರು ನಿಧಾನದ ಮನುಷ್ಯ. ಅಣ್ಣಯ್ಯನನ್ನೂ ನನ್ನನ್ನೂ ಕೂರಿಸಿಕೊಂಡು ಹಾಳೆಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು. ಕ್ಯಾನ್ಸರ್ ಆಗಿದ್ದರೆ ಗ್ರಂಥಿಯ ತಲೆ, ಅದಕ್ಕೆ ಅಂಟಿಕೊಂಡ ಕರುಳಿನ ತುಂಡು, ಪಿತ್ತಕೋಶ ಎಲ್ಲ ತೆಗೆದು ಮತ್ತೆ ಜೋಡಿಸಬೇಕು, ದೊಡ್ಡ ಆಪರೇಷನ್, ಬೇಗ ಆದಷ್ಟೂ ಒಳ್ಳೆಯದು. ಬರೀ ಉರಿಯೂತವಾಗಿದ್ದರೆ ಅಷ್ಟನ್ನೂ ಸುಮ್ಮನೆ ಕಳೆದುಕೊಂಡ ಹಾಗೆ. ಬೇಡದ್ದನ್ನು ಮಾಡಿದರೂ ತಪ್ಪು, ಬೇಕಾದ್ದಕ್ಕೆ ತಡ ಮಾಡಿದರೂ ತಪ್ಪು ಎಂದರು. ಸದ್ಯಕ್ಕೆ ಮರುದಿನ ಎಂಡೋಸ್ಕೋಪಿಯಲ್ಲಿ ಪಿತ್ತದ ನಾಳಕ್ಕೊಂದು ನಳಿಕೆ ಹಾಕಿ ಕಾಮಾಲೆ ಇಳಿಸುವುದು, ಮುಂದಿನದು ಆಮೇಲೆ ಎಂದು ತೀರ್ಮಾನವಾಯಿತು.

ಮಧ್ಯಾಹ್ನ ಸ್ಕ್ಯಾನ್ ವಿಭಾಗದಿಂದ ಕರೆ ಬಂತು. ಚಿತ್ರ ಓದುವ ವೈದ್ಯೆ ಮನೆಯವರ ಹತ್ತಿರ ಮಾತಾಡಬೇಕಂತೆ. ಅವರ ಕೋಣೆ ಕತ್ತಲು, ಚಳಿ. ಆಕೆ ಸೀರೆಯ ಮೇಲೆ ಮನೆಯಲ್ಲಿ ಹೆಣೆದಂಥ ಸ್ವೆಟರ್ ತೊಟ್ಟಿದ್ದರು, ಒಂದು ಗುಂಡಿಗೆ ಬೇರೆ ಬಣ್ಣದ ದಾರ ಹಾಕಿ ಹೊಲಿದಿತ್ತು. ನಾವು ತಂದ ಸ್ಕ್ಯಾನ್ ಪರದೆಯ ಮೇಲಿತ್ತು. ಒಲೆಯ ಬೂದಿಯ ಹಾಗೆ ಎಲ್ಲ ಒಂದೇ ಬಣ್ಣ.

“ಇದರಲ್ಲಿ ಊತ ಇದೆ ಅಂತ ಕಾಣುತ್ತೆ. ಎಂಥ ಊತ ಅಂತ ಕಾಣಲ್ಲ,” ಎಂದರು.

ರಕ್ತನಾಳಕ್ಕೆ ಕಾಂಟ್ರಾಸ್ಟ್ ಔಷಧ ಕೊಟ್ಟು ಸ್ಕ್ಯಾನ್ ಮಾಡಿದರೆ ಗ್ರಂಥಿಯ ಯಾವ ಭಾಗ ಅದನ್ನು ಎಷ್ಟು ಬೇಗ ಹೀರುತ್ತದೆ ಎಂದು ನೋಡಬಹುದು, ಗುಟ್ಟು ಅಲ್ಲಿರುತ್ತದೆ ಎಂದು ವಿವರಿಸಿದರು. ಅದನ್ನು ನಳಿಕೆ ಹಾಕುವ ಮೊದಲೇ ಮಾಡಬೇಕು. ನಳಿಕೆ ಹಾಕಿದ ಮೇಲೆ ಸುತ್ತ ಹೊಸ ಊತ ಬಂದು ಚಿತ್ರ ಕಲಸಿಹೋಗುತ್ತದೆ. ಆದರೆ ರೋಗಿಗೆ ಇಂಜೆಕ್ಷನ್‌ನಿಂದ ಮುಖ ಊದಿ ಆಸ್ಪತ್ರೆ ಸೇರಿದ ಇತಿಹಾಸವಿದೆ ಎಂದು ಮೊದಲ ಸ್ಕ್ಯಾನಿನವರು ಬರೆದಿದ್ದಾರೆ, ಅದಕ್ಕೇ ಅವರು ಔಷಧ ಕೊಟ್ಟಿಲ್ಲ. ಅದು ಯಾವ ಇಂಜೆಕ್ಷನ್ ಆಗಿತ್ತು ಎಂದು ಕೇಳಿದರು.

ಅಣ್ಣಯ್ಯ ತಮಗೆ ಹೆಸರು ಗೊತ್ತಿಲ್ಲವೆಂದರು. ಮುಖ ಊದಿತ್ತು, ಆಸ್ಪತ್ರೆಗೆ ಹಾಕಿದೆವು, ಇಂಜೆಕ್ಷನ್ ಕೊಟ್ಟರು ಎಂದು, ಮೊದಲ ಸ್ಕ್ಯಾನಿನವರಿಗೆ ಹೇಳಿದ್ದನ್ನೇ ಮತ್ತೆ ಹೇಳಿದರು.

ನನಗೆ ಒಮ್ಮೆಲೇ ಆ ದಿನ ನೆನಪಾಯಿತು. “ಅಣ್ಣಯ್ಯ, ಮರದ ವಿಷಯ ಹೇಳಿದ್ರಾ?” ಎಂದೆ.

“ಮರದ ವಿಷ್ಯ ಅವರಿಗೆ ಎಂತಕ್ಕೆ? ಅದರ ಹೆಸರು ತೆಗೀಬಾರ್ದು.”

ಅವರ ಮನೆಯಲ್ಲಿ ಅದು ನಿಜಕ್ಕೂ ನಡೆದುಕೊಂಡು ಬಂದ ಪದ್ಧತಿ. ಹೊಳೆಗೇರು ಎನ್ನುವ ಮರ ನಮ್ಮ ಕಡೆಯ ಹೊಳೆದಂಡೆಗಳಲ್ಲಿ ಅಪ್ಪೆ ಮಾವಿನ ಮರದ ಪಕ್ಕದಲ್ಲೇ ಬೆಳೆದಿರುತ್ತದೆ. ಅದರ ಸೊನೆ ತಾಗಿದರೆ ಸುಟ್ಟ ಹಾಗೆ ಬೊಕ್ಕೆ ಬಂದು ಊದುತ್ತದೆ. ಕೆಲವರಿಗೆ ಅದರ ಎಲೆಯಿಂದ ತೊಟ್ಟಿಕ್ಕಿದ ನೀರು ಬಿದ್ದರೂ ಸಾಕು. ಒಮ್ಮೆ ತಾಗಿಸಿಕೊಂಡವರ ಮನೆಯಲ್ಲಿ ಅದರ ಹೆಸರು ಎತ್ತಿದರೆ ಬೊಕ್ಕೆ ಮತ್ತೆ ಏಳುತ್ತದೆ ಎಂದು ಹೆದರಿಕೆ. ‘ಆ ಮರ’ ಎನ್ನುತ್ತಾರೆ, ಹೆಚ್ಚೆಂದರೆ ‘ದೊಡ್ಡದು’. ಕೆಲವು ವರ್ಷದ ಹಿಂದೆ ಮಿಡಿ ಕೊಯ್ಯಿಸಲು ಹೋದ ಅತ್ತಿಗೆ ಬೆಳಗಿನ ಮಂಜಿನಲ್ಲಿ ಅಂಥ ಮರಕ್ಕೆ ಒರಗಿ ನಿಂತಿದ್ದರು, ಆಗ ನಾನೂ ಜೊತೆಗಿದ್ದೆ. ಅಣ್ಣಯ್ಯ ಸ್ಕ್ಯಾನಿನವರಿಗೆ ಮರವನ್ನು ಬಿಟ್ಟು ಉಳಿದದ್ದನ್ನು ಹೇಳಿದ್ದರು. ಮರ ಬಿಟ್ಟರೆ ಉಳಿಯುವುದು ಊತ ಮತ್ತು ಇಂಜೆಕ್ಷನ್. ಕೇಳಿದವರು ಎರಡನ್ನೂ ಜೋಡಿಸಿಕೊಂಡರೆ ಅವರ ತಪ್ಪೇನು.

ನಾನು ಹೆಸರು ಹೇಳಿದೆ. ಅಣ್ಣಯ್ಯ ಕುರ್ಚಿಯ ಕೈ ಹಿಡಿದುಕೊಂಡು ಮುಖ ಆಚೆ ತಿರುಗಿಸಿದರು. ವೈದ್ಯೆ ಬಯಲುಸೀಮೆಯವರು, ಮರ ಗೊತ್ತಿರಲಿಲ್ಲ. ಮಾವು, ಗೇರಿನ ಸಂಬಂಧಿ, ಸೊನೆ ಗಾಳಿಗೆ ಕಪ್ಪಾಗುತ್ತದೆ ಎಂದೆಲ್ಲ ವಿವರಿಸಿದೆ. ಗಮನವಿಟ್ಟು ಕೇಳಿ, ಒಂದೇ ಪ್ರಶ್ನೆ ಕೇಳಿದರು. ಊತ ಸೂಜಿಗಿಂತ ಮೊದಲೋ, ಸೂಜಿಯ ನಂತರವೋ? ಹೆಚ್ಚೂ ಆಗಿರಬಹುದಲ್ಲ, ಸೂಜಿಯಾದ ಮೇಲೆ? ಇದು ಅಂದಾಜಿನಲ್ಲಿ ಹೇಳುವ ಮಾತಲ್ಲ, ತಪ್ಪಿದರೆ ಯಂತ್ರದ ಮೇಲೆಯೇ ಉಸಿರು ಕಟ್ಟಬಹುದು ಎಂದರು.

ನನ್ನ ನೆನಪಿನಲ್ಲಿ ಊತವೇ ಮೊದಲು. ಆದರೆ ನನಗೆ ಹಾಗಾಗಿರಲಿ ಎಂಬ ಆಸೆಯೂ ಇತ್ತಲ್ಲ. ಸ್ವಲ್ಪ ಹೊತ್ತು ಕೊಡಿ ಎಂದು ಕೇಳಿಕೊಂಡು ವಾರ್ಡಿಗೆ ಹೋದೆ. ಅತ್ತಿಗೆ ಕಿಟಕಿಯ ಕಡೆ ಮುಖ ಮಾಡಿ ಬಾಚಣಿಗೆಯ ಹಿಂಬದಿಯಿಂದ ಕೈ ತುರಿಸಿಕೊಳ್ಳುತ್ತಿದ್ದರು. ಯಾಕೆಂದು ಹೇಳದೆ, ಆವತ್ತು ಹೊಳೆದಂಡೆಯಲ್ಲಿ ಏನೇನಾಯಿತು ಮೊದಲಿಂದ ಹೇಳಿ ಎಂದೆ.

ಅವರು ಅನುಮಾನದಿಂದ ನೋಡಿದರೂ ಹೇಳಿದರು. “ಕಣ್ಣೇ ಬಿಡಕ್ಕಾಗ್ತಿರ್ಲಿಲ್ಲ. ನೀನೇ ಕೈ ಹಿಡ್ಕಂಡು ಜೀಪ್ ಹತ್ತಿಸ್ದೆ. ಕಾಣ್ದೆ ಒಂದು ಚಪ್ಲಿ ಹೊಳೇಲೇ ಹೋತು, ಹೊಸಾದು. ಸೂಜಿ ಚುಚ್ಚಿದ್ಮೇಲೆ ನೋಡು ಸ್ವಲ್ಪ ತಣ್ಣಗಾಗಿದ್ದು.”

ಚಪ್ಪಲಿ. ನನಗೆ ಮರೆತೇಹೋಗಿತ್ತು. ಆಸ್ಪತ್ರೆಗೆ ಅವರು ಒಂದೇ ಚಪ್ಪಲಿಯಲ್ಲಿ ಬಂದಿದ್ದರು, ನರ್ಸ್ ಇನ್ನೊಂದೆಲ್ಲಿ ಎಂದು ಹುಡುಕಿದ್ದರು. ಕಣ್ಣು ಮುಚ್ಚಿಹೋಗುವಷ್ಟು ಊತ ಆಸ್ಪತ್ರೆಯ ಬಾಗಿಲು ಕಾಣುವ ಮೊದಲೇ ಬಂದಿತ್ತು.

ಅಲ್ಲಿಂದ ಹೊರಡುವ ಮೊದಲು ಇನ್ನೊಂದು ಮಾತು ಹೇಳಬೇಕೆನ್ನಿಸಿತು. ಔಷಧ ಹೋಗುವುದು ಅವರ ಮೈಯೊಳಗೆ. ಯಾಕೆಂದು ತಿಳಿಯದೆ ಅವರು ಒಪ್ಪಿದರೆ ಅದು ಒಪ್ಪಿಗೆಯಲ್ಲ. ಅಣ್ಣಯ್ಯನ ತಾಕೀತು ನೆನಪಿತ್ತು. ಆದರೂ ಹಾಸಿಗೆಯ ಅಂಚಿಗೆ ಕುಳಿತೆ. ನಾನು ಬಾಯಿ ತೆರೆಯುವ ಮೊದಲೇ ಅವರು ಕೇಳಿದರು.

“ಕ್ಯಾನ್ಸರಾ?”

“ಆಗಿರಬಹುದು ಅತ್ತಿಗೆ. ಅಲ್ದೇನೂ ಇರಬಹುದು. ಯಾವುದು ಅಂತ ನೋಡಕ್ಕೇ ಈ ಸ್ಕ್ಯಾನ್.”

ಬಾಚಣಿಗೆ ಕೆಳಗಿಟ್ಟರು. “ಹಂಗಾರೆ ನೋಡ್ಲಿ ಮಾರಾಯ್ತಿ. ಒಳಗೆ ಎಂತದಿದೆ ಅಂತ ಗೊತ್ತಿಲ್ದೆ ಸೀಳಕ್ಕೆ ನಾನೇನು ಹಲಸಿನಕಾಯಾ?” ಎಂದರು. ಆಮೇಲೆ, ಅಣ್ಣಯ್ಯನಿಗೆ ತಮಗೆ ಗೊತ್ತಾಗಿದೆಯೆಂದು ಹೇಳಬೇಡ, ಅವರು ತಡೆದುಕೊಳ್ಳಲಿಕ್ಕಿಲ್ಲ ಎಂದರು.

ಹೀಗೆ ಇಬ್ಬರ ಗುಟ್ಟೂ ನನ್ನ ಹತ್ತಿರ ಉಳಿಯಿತು.

ವೈದ್ಯೆಗೆ ಚಪ್ಪಲಿಯ ಕತೆ ಸಮೇತ ಎಲ್ಲ ಹೇಳಿದೆ. ಅಷ್ಟಕ್ಕೇ ಅವರು ಬಿಡಲಿಲ್ಲ. ಆಮೇಲೆ ಬೇರೆ ಯಾವ ಇಂಜೆಕ್ಷನ್ ತೆಗೆದುಕೊಂಡಿದ್ದಾರೆ, ಉಬ್ಬಸ ಇದೆಯೇ ಎಂದು ಅತ್ತಿಗೆಯನ್ನೇ ವಿಚಾರಿಸಿ, ಮೂತ್ರಪಿಂಡದ ರಕ್ತಪರೀಕ್ಷೆ ನೋಡಿ, ಶಸ್ತ್ರವೈದ್ಯರ ಜೊತೆ ಮಾತಾಡಿದರು. ಜ್ವರವಿರಲಿಲ್ಲ, ಕಾಮಾಲೆ ಏರುತ್ತಲೂ ಇರಲಿಲ್ಲ. ನಳಿಕೆ ಕಾಯಲಿ, ಮೊದಲು ಸ್ಕ್ಯಾನ್ ಎಂದಾಯಿತು. ಅಲರ್ಜಿ ತಡೆಯಲೆಂದು ಮುಂಚೆಯೇ ಸ್ಟಿರಾಯ್ಡ್ ಕೊಡುವ ಕ್ರಮವೊಂದಿದೆಯಂತೆ, ಅದನ್ನೂ ಬೇಡವೆಂದರು. ಕೆಲವು ಬಗೆಯ ಉರಿಯೂತ ಸ್ಟಿರಾಯ್ಡಿಗೆ ಕರಗುತ್ತದೆ, ಈಗಲೇ ಕೊಟ್ಟರೆ ಮುಂದೆ ಗೊಂದಲ ಎಂದು ಅವರ ಲೆಕ್ಕ. ಏನಾದರೂ ಆದರೆ ಇರಲಿ ಎಂದು ಔಷಧಗಳ ಟ್ರೇ ತರಿಸಿ ಯಂತ್ರದ ಪಕ್ಕ ಇರಿಸಿಕೊಂಡರು.

ಮರುದಿನ ಬೆಳಿಗ್ಗೆ ಸ್ಕ್ಯಾನ್ ಕೋಣೆಯ ಹೊರಗೆ ಅತ್ತಿಗೆಯ ಎರಡು ಚಿನ್ನದ ಬಳೆ ತೆಗೆಯಬೇಕಾಯಿತು. ತೆಗೆಯುವುದೇನು, ಕೈ ಇಳಿಬಿಟ್ಟರೆ ಸಾಕು, ತಾವಾಗಿಯೇ ಜಾರಿ ನನ್ನ ಅಂಗೈಗೆ ಬಿದ್ದವು. ನಾವಿಬ್ಬರೂ ಅವನ್ನು ನೋಡಿದೆವು. ಬರಿಗೈಯಲ್ಲಿ ಒಳಗೆ ಹೋಗುವುದಿಲ್ಲ ಎಂದರು ಅತ್ತಿಗೆ. ನನ್ನ ಸೀರೆಯ ಸೆರಗಿನ ಕುಚ್ಚಿನಿಂದ ಎರಡು ಎಳೆ ಕಿತ್ತು ಎರಡೂ ಮಣಿಕಟ್ಟಿಗೆ ಕಟ್ಟಿದೆ. ತಂತ್ರಜ್ಞ ನೋಡಿ, ದಾರ ಇದ್ದರೆ ಅಡ್ಡಿಯಿಲ್ಲವೆಂದರು.

ದೊಡ್ಡ ಲೋಟಗಳಲ್ಲಿ ಬರೀ ನೀರು ಕುಡಿಸಿದರು. ಹೊಟ್ಟೆ, ಕರುಳಿನ ಮೊದಲ ತಿರುವು ನೀರಿನಿಂದ ತುಂಬಿದ್ದರೆ ಅದರ ಗೋಡೆ ಚಿತ್ರದಲ್ಲಿ ಬೇರೆಯಾಗಿ ಕಾಣುತ್ತದಂತೆ. ಆಮೇಲೆ ಉಸಿರು ಹಿಡಿಯುವ ಅಭ್ಯಾಸ. ಅದನ್ನು ಕಾರಿಡಾರಿನಲ್ಲಿ ನಾನೇ ಮಾಡಿಸಿದೆ. ಅಲ್ಲಾಡಿದರೆ ಚಿತ್ರ ಮಸುಕಾಗುತ್ತದೆ, ಔಷಧ ಒಮ್ಮೆ ಹೋದ ಮೇಲೆ ಆ ಗಳಿಗೆ ವಾಪಸು ಬರುವುದಿಲ್ಲ ಎಂದು ತಂತ್ರಜ್ಞ ಎಚ್ಚರಿಸಿದ್ದರು.

ಆದರೂ ಮೊದಲ ಸಲ ಎಡವಟ್ಟಾಯಿತು. ಪುಣ್ಯಕ್ಕೆ ಅದು ಔಷಧ ಬಿಡುವ ಮುಂಚಿನ ಸುತ್ತು. ಯಂತ್ರದೊಳಗಿನ ದನಿ ಉಸಿರು ಹಿಡಿದುಕೊಳ್ಳಿ ಎಂದು ಹೇಳಿದ್ದಕ್ಕೆ ಅತ್ತಿಗೆ ‘ಆತು’ ಎಂದು ಉತ್ತರ ಕೊಟ್ಟರು. ಯಾರಾದರೂ ಮಾತಾಡಿಸಿದರೆ ಸುಮ್ಮನಿರುವುದು ಅವರ ಮನೆಯ ಮರ್ಯಾದೆಯಲ್ಲ. ತಂತ್ರಜ್ಞ ನಗುತ್ತಾ ಹೊರಗೆ ಬಂದು, ಅಮ್ಮನಿಗೆ ಯಂತ್ರಕ್ಕೆ ಜವಾಬು ಕೊಡಬೇಡಿ ಅಂತ ಹೇಳಿ ಎಂದರು. ಒಳಗೆ ಹೋಗಿ ಹೇಳಿ ಬಂದೆ.

ಬಾಗಿಲ ಮೇಲಿನ ಕೆಂಪು ದೀಪ ಹತ್ತಿತು. ಔಷಧ ಬಿಟ್ಟ ಮೇಲೆ ಸ್ಕ್ಯಾನ್ ಮೂರು ಸುತ್ತು: ಔಷಧ ಗ್ರಂಥಿಗೆ ತಲುಪಿ ಅದು ಬೆಳಗುವಾಗ ಒಂದು, ಯಕೃತ್ತಿನ ರಕ್ತನಾಳಗಳು ತುಂಬಿದಾಗ ಇನ್ನೊಂದು, ಎಲ್ಲ ತಿಳಿಯಾಗುವಾಗ ಕೊನೆಯದು. ಹೊರಗೆ ಅಣ್ಣಯ್ಯ ತಮ್ಮ ಟವಲ್ಲನ್ನು ಮಡಿಸಿ ಬಿಚ್ಚಿ ಮಡಿಸಿ ಮಾಡುತ್ತಿದ್ದರು. ನಾನು ಬಳೆಗಳನ್ನು ಕರವಸ್ತ್ರದಲ್ಲಿ ಗಂಟು ಹಾಕಿ ಹಿಡಿದುಕೊಂಡಿದ್ದೆ. ನನ್ನ ಮಾತಿನ ಮೇಲೆ ಆ ಔಷಧ ಅವರ ಮೈಗೆ ಹೋಗುತ್ತಿತ್ತು.

ಅತ್ತಿಗೆ ಹೊರಗೆ ಬಂದಾಗ ನಾನು ನೋಡಿದ್ದು ಅವರ ಕಣ್ಣಿನ ರೆಪ್ಪೆ, ತುಟಿ. ಊತವಿರಲಿಲ್ಲ. “ಬಿಸಿನೀರಿನ ಹಂಡೆಯೊಳಗೆ ಕೂರ್ಸಿದಂಗಾತು,” ಎಂದರು. ನರ್ಸ್ ಒಂದಷ್ಟು ಹೊತ್ತು ಅಲ್ಲೇ ಕೂರಿಸಿ ನೋಡಿದರು, ನಾನೂ ಮಗ್ಗುಲಲ್ಲಿ ಕುಳಿತು ರೆಪ್ಪೆಯಿಂದ ಕಣ್ಣು ತೆಗೆಯಲಿಲ್ಲ. ಏನೂ ಆಗಲಿಲ್ಲ. ಹಸಿವಾಗುತ್ತಿದೆ ಎಂದರು.

ಸಂಜೆ ವೈದ್ಯೆ ಮತ್ತೆ ಪರದೆಯ ಮುಂದೆ ಕೂರಿಸಿಕೊಂಡರು. ಈಗ ಬೂದಿಯ ಬಣ್ಣ ಹೋಗಿ ಒಂದೊಂದೂ ಬೇರೆ ಬೇರೆಯಾಗಿ ಕಾಣುತ್ತಿತ್ತು. ಕ್ಯಾನ್ಸರ್ ಗಡ್ಡೆ ಮೊದಲ ಸುತ್ತಿನಲ್ಲಿ ಸಾಮಾನ್ಯವಾಗಿ ಸುತ್ತಲಿಗಿಂತ ಕಪ್ಪಾಗಿ ಉಳಿಯುತ್ತದೆ, ಔಷಧ ಅದರೊಳಗೆ ನಿಧಾನ. ಗ್ರಂಥಿಯ ನಡುವಿನ ನಾಳ ಗಡ್ಡೆಯ ಹತ್ತಿರ ಕತ್ತರಿಸಿದ ಹಾಗೆ ನಿಂತು, ಹಿಂದೆ ಹಿಗ್ಗಿ, ಹಿಂದಿನ ಗ್ರಂಥಿ ಸೊರಗುತ್ತದೆ. ಪಕ್ಕದ ರಕ್ತನಾಳಗಳನ್ನು ಗಡ್ಡೆ ತಬ್ಬಿಕೊಳ್ಳುವುದೂ ಉಂಟು ಎಂದು ಬೇರೊಂದು ಚಿತ್ರದಲ್ಲಿ ತೋರಿಸಿದರು. ಆಮೇಲೆ ಅತ್ತಿಗೆಯದು. ಗ್ರಂಥಿಯ ಅಂಚು ಹಾಗಲಕಾಯಿಯ ಹಾಗೆ ಉಬ್ಬುತಗ್ಗು ಇರಬೇಕಾದದ್ದು ಇಲ್ಲಿ ಮೊಗೆಕಾಯಿಯ, ಅಂದರೆ ಸಾಂಬಾರು ಸೌತೆಯ ಹಾಗೆ ನುಣ್ಣಗೆ ಊದಿತ್ತು. ಸುತ್ತ ಸೀರೆಯ ಕಂಬಿಯಂತೆ ತೆಳುವಾದ ಒಂದು ಅಂಚು. ಕೊನೆಯ ಸುತ್ತಿನಲ್ಲಿ ಊತವೆಲ್ಲ ಒಂದೇ ಸಮನೆ ಔಷಧ ಹೀರಿ ಬೆಳಗಿತ್ತು. ನಾಳ ಬೇಸಿಗೆಯ ಹಳ್ಳದ ಹಾಗೆ ಸಣ್ಣಗಾಗಿತ್ತು, ಆದರೆ ಊತದ ನಡುವೆಯೇ ಹಾದುಹೋಗಿತ್ತು, ಎಲ್ಲೂ ತುಂಡಾಗಿರಲಿಲ್ಲ. ಮೂತ್ರಪಿಂಡದಲ್ಲೂ ಒಂದೆರಡು ಮಸುಕು ಕಲೆ ತೋರಿಸಿ, ಮೈಯೇ ತನ್ನ ಮೇಲೆ ತಾನು ಮುನಿಸಿಕೊಳ್ಳುವ ಒಂದು ಬಗೆಯ ಉರಿಯೂತದಲ್ಲಿ ಹೀಗೆ ಜೊತೆಗೆ ಬರುವುದುಂಟು ಎಂದರು.

ಅಣ್ಣಯ್ಯ ಹಾಗಾದರೆ ಅದಲ್ಲ ಎಂದೇ ಅರ್ಥವೇ ಎಂದು ಕೇಳಿದರು. ಆ ಪದವನ್ನೂ ಅವರು ಬಾಯಲ್ಲಿ ಹೇಳಲಿಲ್ಲ. ವೈದ್ಯೆ ತಲೆ ಅಲ್ಲಾಡಿಸಿದರು. “ಚಿತ್ರ ಯಾವ ಕಡೆ ವಾಲುತ್ತೆ ಅಂತ ಹೇಳಬಹುದು. ಇವೆರಡೂ ಒಂದರ ವೇಷ ಇನ್ನೊಂದು ಹಾಕುತ್ತವೆ. ಚೂರು ಮಾಂಸ ತೆಗೆದು ನೋಡಲೇಬೇಕು.”

ಎಂಡೋಸ್ಕೋಪಿಯ ಮೂಲಕ ಸೂಜಿ ಹಾಕಿ ತೆಗೆದರು. ಅದರಲ್ಲಿ ಉರಿಯೂತದ ಕಣಗಳಿದ್ದವು, ಕ್ಯಾನ್ಸರ್ ಕಣ ಕಾಣಲಿಲ್ಲ. ಆದರೆ ಸಿಕ್ಕಿದ್ದು ಸ್ವಲ್ಪವೇ, ಇದರ ಮೇಲೆ ಖಚಿತವಾಗಿ ಹೇಳಲಾಗದು ಎಂದರು. ಈ ಬಗೆಯ ಉರಿಯೂತದಲ್ಲಿ ಹೆಚ್ಚಾಗಬೇಕಾದ ರಕ್ತದ ಅಂಶ ಅತ್ತಿಗೆಗೆ ಅಷ್ಟೇನೂ ಹೆಚ್ಚಿರಲಿಲ್ಲ. ಕ್ಯಾನ್ಸರಿನಲ್ಲಿ ಹೆಚ್ಚಾಗುವ ಅಂಶ ಸ್ವಲ್ಪ ಏರಿತ್ತು. ಕಾಮಾಲೆಯಿದ್ದರೂ ಅದು ಏರುತ್ತದಂತೆ. ತೂಕ ಇಳಿದದ್ದನ್ನು ಶಸ್ತ್ರವೈದ್ಯರು ಅನುಮಾನದ ಪಟ್ಟಿಯಲ್ಲಿಟ್ಟಿದ್ದರು. ಪಥ್ಯದ ಗಂಜಿಯ ವಿಷಯ ನಾನು ಹೇಳಿದೆ. ಅವರು ಹೌದಲ್ಲ ಎಂದು ಪೆನ್ನಿನ ತುದಿ ಕಚ್ಚಿದರು.

ಕೊನೆಗೆ ವೈದ್ಯರೆಲ್ಲ ಕೂಡಿ ಒಂದು ದಾರಿ ಹೇಳಿದರು. ನಳಿಕೆ ಸದ್ಯಕ್ಕೆ ಬೇಡ, ಸ್ವಲ್ಪ ಕಾಲ ಸ್ಟಿರಾಯ್ಡ್ ಮಾತ್ರೆ ಕೊಟ್ಟು ಮತ್ತೆ ಸ್ಕ್ಯಾನ್ ಮಾಡುವುದು. ಊತ ಕರಗಿದರೆ ಉರಿಯೂತ. ಕರಗದಿದ್ದರೆ ತಡ ಮಾಡದೆ ಆಪರೇಷನ್. ಅಣ್ಣಯ್ಯನಿಗೆ ಆ ಕಾಯುವುದೇ ಭಯ; ಕಾಯುತ್ತಾ ಕಾಲ ಕೈತಪ್ಪಿದರೆ ಎಂದು. ಅತ್ತಿಗೆ ಮಾತ್ರೆ ಕೊಡಿ ಎಂದು ಕೈ ಚಾಚಿದರು.

ನಾನು ಹೊಸನಗರದಲ್ಲೇ ಉಳಿದೆ. ಸಾಗರದಲ್ಲಿ ಯಜಮಾನರೂ ಮಗಳೂ ಅವಲಕ್ಕಿ, ಉಪ್ಪಿಟ್ಟು ಮಾಡಿಕೊಂಡು ದಿನ ದೂಡಿದರು. ಮಾತ್ರೆ ತಿಂಡಿಯಾದ ಮೇಲೆ. ಸಕ್ಕರೆ ಏರುತ್ತದೆಂದು ಬೆರಳಿಗೆ ಚುಚ್ಚಿ ನೋಡುವುದು. ಪ್ರತಿ ಬೆಳಿಗ್ಗೆ ಅಂಗಳದ ಬೆಳಕಿನಲ್ಲಿ ಅತ್ತಿಗೆಯನ್ನು ನಿಲ್ಲಿಸಿ ಭರಣಿಯ ಬಿಳಿ ಬಟ್ಟೆಯನ್ನು ಕಣ್ಣಿನ ಪಕ್ಕ ಹಿಡಿಯುವುದು. ಮೊದಲು ತುರಿಕೆ ಹೋಯಿತು, ಬಾಚಣಿಗೆ ಮತ್ತೆ ತಲೆಗೇ ಬಂತು. ಆಮೇಲೆ ಹಸಿವು, ಎಂಥ ಹಸಿವು. ಉಪ್ಪು ಹಾಕಿದ ಗಂಜಿಗೆ ಮಿಡಿ ನಂಜಿಕೊಂಡು, ಈ ವರ್ಷದ್ದಕ್ಕೆ ಉಪ್ಪು ಒಂದು ಚಿಟಿಕೆ ಹೆಚ್ಚಾಗಿದೆ ಎಂದು ತಮ್ಮನ್ನೇ ಬೈದುಕೊಂಡರು. ಒಂದು ಬೆಳಿಗ್ಗೆ ಬಟ್ಟೆ ಹಿಡಿದಾಗ ಎರಡು ಬಿಳಿಗಳ ನಡುವೆ ನನಗೆ ವ್ಯತ್ಯಾಸ ಕಾಣಲಿಲ್ಲ. ಅಣ್ಣಯ್ಯನನ್ನು ಕರೆದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

ಎರಡನೇ ಸಲ ಘಾಟಿ ಇಳಿದಾಗ ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ಹೊಸ ತಂತ್ರಜ್ಞೆ ಇದ್ದಳು. ಅಲರ್ಜಿ ಏನಾದರೂ ಇದೆಯೇ ಎಂದು ಕೇಳಿದಳು. ಅಣ್ಣಯ್ಯ ನನ್ನ ಕಡೆ ನೋಡಿದರು. ಅಷ್ಟರಲ್ಲಿ ಅತ್ತಿಗೆಯೇ ಹೇಳಿದರು.

“ಹೊಳೆಗೇರು. ಮರ ಅದು. ಮೊದಲು ಊತ, ಆಮೇಲೆ ಸೂಜಿ. ಹಂಗೇ ಬರ್ಕ.”

ಅಣ್ಣಯ್ಯ ಸ್ವಲ್ಪ ಹೊತ್ತು ಹೆಂಡತಿಯ ಮುಖವನ್ನೇ ನೋಡುತ್ತಿದ್ದರು, ಎಲ್ಲಾದರೂ ಏಳುತ್ತದೆಯೋ ಎಂದು.

ಬಳೆ ತೆಗೆಯಬೇಕಲ್ಲ. ಎಳೆದರೆ ಬರಲಿಲ್ಲ. ತಂತ್ರಜ್ಞೆ ಎಳೆದಳು, ನಾನು ಎಳೆದೆ, ಗೆಣ್ಣಿನ ಹತ್ತಿರ ಬಂದು ನಿಂತುಬಿಡುತ್ತಿತ್ತು. ಕೈತೊಳೆಯುವ ಬೇಸಿನ್ನಿಗೆ ಕರೆದುಕೊಂಡು ಹೋಗಿ ಸೋಪಿನ ನೊರೆ ಹಚ್ಚಿ, ನೋಯುತ್ತದೆ ಎಂದು ಅವರು ಗೊಣಗುತ್ತಿರುವಾಗಲೇ ಒಂದೊಂದಾಗಿ ಜಾರಿಸಿದೆ. ಮತ್ತೆ ಸೆರಗಿನ ಎಳೆ ಕಿತ್ತು ಕಟ್ಟಿದೆ. ಈ ಸಲ ದಾರ ಸ್ವಲ್ಪ ಉದ್ದ ಬೇಕಾಯಿತು.

ಸಂಜೆ ವೈದ್ಯೆ ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಪಕ್ಕಪಕ್ಕ ಇಟ್ಟರು. ನನಗೂ ಈಗ ಕಾಣುತ್ತಿತ್ತು. ಮೊಗೆಕಾಯಿ ಇಳಿದು ಹಾಗಲಕಾಯಿಯಾಗಿತ್ತು, ಅಂಚಿನ ಉಬ್ಬುತಗ್ಗು ವಾಪಸು ಬಂದಿತ್ತು. ಆಪರೇಷನ್ ಬೇಡ, ಮಾತ್ರೆ ನಿಧಾನಕ್ಕೆ ಇಳಿಸುತ್ತಾ ಹೋಗುವುದು, ಇದು ಮರುಕಳಿಸಬಹುದಾದ್ದರಿಂದ ಆಗಾಗ ಬಂದು ತೋರಿಸುವುದು ಎಂದರು. ಆಮೇಲೆ ಅತ್ತಿಗೆಯನ್ನು ಕುರಿತು ಆ ಮರದ ಹೆಸರು ಇನ್ನೊಮ್ಮೆ ಹೇಳಿ, ನಾನು ಬರೆದಿಟ್ಟುಕೊಳ್ಳುತ್ತೇನೆ ಎಂದರು. ಅತ್ತಿಗೆ ದಿನಕ್ಕೆ ಒಂದೇ ಸಲ ಸಾಕು ಎಂದು ನಕ್ಕರು. ನಾನು ಬರೆಸಿದೆ.

ಕಾರಿಡಾರಿನಲ್ಲಿ ಬಳೆ ಹಾಕಲು ನೋಡಿದರೆ ಸೋಪಿದ್ದರೂ ಹತ್ತಲಿಲ್ಲ. ಹಾಗೇ ಕರವಸ್ತ್ರದಲ್ಲಿ ಕಟ್ಟಿ ನನ್ನ ಚೀಲದಲ್ಲಿಟ್ಟುಕೊಂಡೆ. ಘಾಟಿ ಹತ್ತುವಾಗ ಅತ್ತಿಗೆ ಕಿಟಕಿಯ ಮೇಲೆ ಕೈಯಿಟ್ಟು ಕುಳಿತಿದ್ದರು, ಮಣಿಕಟ್ಟಿನಲ್ಲಿ ನನ್ನ ಸೀರೆಯ ಹಸಿರು ದಾರ. ಹೊಸನಗರ ಮುಟ್ಟಿದ ಕೂಡಲೇ ಅಕ್ಕಸಾಲಿಯ ಹತ್ತಿರ ಬಳೆ ದೊಡ್ಡದು ಮಾಡಿಸಬೇಕು ಎಂದರು.

ಅಣ್ಣಯ್ಯ ರಸ್ತೆ ನೋಡುತ್ತಾ, “ಆತು,” ಎಂದರು.